ಮೇಷ್ಟ್ರು ಬಂದರು

‘ಮೇಷ್ಟ್ರು ಬಂದ’ ಎಂದು ಒಮ್ಮೆ ಹೇಳಿ ನೋಡಿ. ಕಿವಿಗೆ ಒಗ್ಗುವುದಿಲ್ಲ, ನಾಲಿಗೆ ತಾನಾಗಿಯೇ ‘ಬಂದರು’ ಎಂದು ತಿದ್ದಿಕೊಳ್ಳುತ್ತದೆ. ಇಂಗ್ಲಿಷಿನ ‘ಮಾಸ್ಟರ್’ ಬರುವಾಗ ಬಾಲದಲ್ಲೊಂದು ‘ರ್’ ಇಟ್ಟುಕೊಂಡು ಬಂತು. ಕನ್ನಡದ ಕಿವಿಗೆ ಅದು ತನ್ನದೇ ಗೌರವದ ‘ರು’ ಆಗಿ ಕೇಳಿಸಿರಬೇಕು. ಅವರು, ಹಿರಿಯರು, ಮೇಷ್ಟ್ರು. ‘ಸ್ಟ’ ಎಂಬುದೂ ಇಷ್ಟ, ಕಷ್ಟಗಳ ಸಾಲಿಗೆ ಸೇರಿ ‘ಷ್ಟ’ ಆಯಿತು. ವಿಭಕ್ತಿ ಹಚ್ಚಿದರೂ ಒಂದೇ ದಾರಿ: ಅವರಿಗೆ, ಮೇಷ್ಟ್ರಿಗೆ. ಡಾಕ್ಟ್ರು, ಕಲೆಕ್ಟ್ರು ಬಂದದ್ದೂ ಹೀಗೇ. ಆದರೆ ಅವರ ಇಂಗ್ಲಿಷ್ ಮೂಲ ಇನ್ನೂ ಕಣ್ಣಿಗೆ ಕಾಣುತ್ತದೆ. ಮೇಷ್ಟ್ರು ಮಾತ್ರ ಪೂರ್ತಿ ಮನೆಯವರಾದರು.

ಕುಶಾಲನಗರದಲ್ಲಿ ಈ ಮಾತು ಇನ್ನೂ ಚೆನ್ನಾಗಿ ಕಾಣುತ್ತದೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಈ ಊರಿಗೆ ಫ್ರೇಸರ್ ಎಂಬ ಅಧಿಕಾರಿಯ ಹೆಸರು ಅಂಟಿಕೊಂಡು ಫ್ರೇಸರ್‌ಪೇಟೆ ಎನಿಸಿತ್ತು. ಆ ಹೆಸರು ಈಗ ಹಳೆಯ ಕಾಗದಗಳಲ್ಲಿ ಉಳಿದಿದೆ. ಅದೇ ಜನರ ಜೊತೆ ಬಂದ ‘ಮಾಸ್ಟರ್’ ಮಾತ್ರ ಬೀದಿ ಬೀದಿಯಲ್ಲಿ ಓಡಾಡಿಕೊಂಡಿದೆ. ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು. ಮಲಯಾಳಂ ಆಡುವವರ ಬಾಯಲ್ಲಿ ಅವರು ‘ಮಾಷ್’, ಕರಾವಳಿಯಿಂದ ಘಟ್ಟ ಹತ್ತಿ ಬಂದವರಿಗೆ ‘ಮಾಷ್ಟ್ರು’, ಧಾರವಾಡದ ಕಡೆಯಿಂದ ವರ್ಗವಾಗಿ ಬಂದವರಿಗೆ ‘ಮಾಸ್ತರ್’. ಕಾವೇರಿ ಸೇತುವೆ ದಾಟಿ ಬೈಲಕುಪ್ಪೆಗೆ ಹೋದರೆ ಟಿಬೆಟನ್ ಮಕ್ಕಳು ತಮ್ಮ ಗುರುವನ್ನು ‘ಗೆನ್ ಲಾ’ ಎನ್ನುತ್ತವೆ. ಆ ‘ಲಾ’ ಕೂಡ ಮರ್ಯಾದೆಯ ಪ್ರತ್ಯಯವೇ. ಹೊಳೆಯ ಈ ದಡದಲ್ಲಿ ‘ರು’, ಆ ದಡದಲ್ಲಿ ‘ಲಾ’.

‘ಗುರು’ ಎಂಬ ದೊಡ್ಡ ಪದಕ್ಕೆ ಈ ಭಾಗ್ಯ ಇರಲಿಲ್ಲ. ‘ಏನ್ ಗುರು’ ಎಂದು ಪಾನ್ ಅಂಗಡಿಯ ಮುಂದೆ ಯಾರು ಯಾರನ್ನಾದರೂ ಕರೆಯಬಹುದು. ‘ಸಾರ್’ ತಾಲ್ಲೂಕು ಕಚೇರಿಯಿಂದ ಪೊಲೀಸ್ ಠಾಣೆಯವರೆಗೆ ಎಲ್ಲರಿಗೂ ಹಂಚಿಹೋಗಿದೆ. ತರಗತಿಯಲ್ಲಿ ನಾವೂ ‘ಸಾರ್’ ಎಂದೇ ಕೈ ಎತ್ತುತ್ತಿದ್ದವರು. ‘ಮೇಷ್ಟ್ರು’ ಎಂಬುದು ಅವರು ಎದುರಿಗಿಲ್ಲದಾಗಿನ ಮಾತು. ಮನೆಯಲ್ಲಿ, ದಾರಿಯಲ್ಲಿ, ವರ್ಷಗಳಾದ ಮೇಲೆ ಯಾರದೋ ಮದುವೆಯ ಪಂಕ್ತಿಯಲ್ಲಿ ಆ ಮಾತು ಬರುತ್ತದೆ. ಬರುವಾಗ ‘ನಮ್ಮ’ ಎಂಬುದನ್ನೂ ಕರೆತರುತ್ತದೆ. ಪಾಠ ಹೇಳಿದವರೆಲ್ಲರಿಗೂ ಈ ‘ನಮ್ಮ’ ಸಿಕ್ಕುವುದಿಲ್ಲ.

ನಮಗೆ ಕನ್ನಡ ಹೇಳಿದವರಿಗೆ ಸಿಕ್ಕಿತು. ಸಂಧಿ ಪಾಠವೆಂದರೆ ಎಲ್ಲರಿಗೂ ಆಕಳಿಕೆ. ಒಂದು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮೇಷ್ಟ್ರು ನಮ್ಮನ್ನು ಕೂಡಿಗೆಗೆ ಕರೆದುಕೊಂಡು ಹೋದರು. ಹಾರಂಗಿ ಬಂದು ಕಾವೇರಿಯನ್ನು ಸೇರುವ ಜಾಗ ಅದು. ಪಂಚೆ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಿಗಿಳಿದು, ‘ಈ ಊರಿಗೆ ಕೂಡಿಗೆ ಅಂತ ಯಾಕಂದ್ರು?’ ಎಂದು ಕೇಳಿದರು. ‘ಎರಡು ಹೊಳೆ ಕೂಡುತ್ತೆ ಸಾರ್.’ ‘ಸಂಧಿ ಅಂದ್ರೂ ಅದೇ. ಈಗ ಹೇಳಿ, ಇಲ್ಲಿಂದ ಕಣಿವೆ ಕಡೆ ಹೋಗೋ ಹೊಳೆಯ ಹೆಸರೇನು?’ ಕಾವೇರಿ ಎಂದೆವು. ‘ಹಾಗಾದ್ರೆ ಹಾರಂಗಿ ಎಲ್ಲಿ ಹೋಯ್ತು?’ ಯಾರೂ ಉಸಿರೆತ್ತಲಿಲ್ಲ. ಮೇಷ್ಟ್ರು ಒದ್ದೆ ಮರಳಿನ ಮೇಲೆ ಕಡ್ಡಿಯಲ್ಲಿ ‘ಊರು’, ‘ಅಲ್ಲಿ’ ಎಂದು ಬರೆದು, ‘ಊರು’ವಿನ ಕೊಂಬನ್ನು ಹೆಬ್ಬೆರಳಿನಿಂದ ಒರೆಸಿ, ಎರಡನ್ನೂ ಹತ್ತಿರ ತಂದು ‘ಊರಲ್ಲಿ’ ಮಾಡಿದರು. ‘ಉಕಾರ ಹೋದ ಹಾಗೆ ಹೋಯ್ತು. ಲೋಪ.’

ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಸಾರ್, ಮಳೆಗಾಲದಲ್ಲಿ ನೀರಿನ ಬಣ್ಣಾನೇ ಬದಲಾಗುತ್ತೆ. ಅದು ಆದೇಶವಾ?’ ಎಂದ. ಮಳೆ, ಕಾಲ, ಮಳೆಗಾಲ: ಉದಾಹರಣೆಯೂ ಅವನ ಮಾತಿನೊಳಗೇ ಇತ್ತು. ಮೇಷ್ಟ್ರು ಅವನನ್ನು ಮುಂದೆ ಕರೆದು ಅದೇ ಮಾತನ್ನು ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿಸಿದರು. ಅವರ ಮುಖದಲ್ಲಿ ಅಂದು ಕಂಡ ಸಂತೋಷ ನಮ್ಮ ಯಾರ ಅಂಕಪಟ್ಟಿ ನೋಡಿದಾಗಲೂ ಕಂಡದ್ದಿಲ್ಲ. ಕಲಿಸುವವರಿಗೆ ಕಲಿಕೆಯಲ್ಲಿ ಆ ಮಟ್ಟದ ಖುಷಿ ಇದ್ದರೆ ಮಕ್ಕಳಿಗೆ ಅದು ಅಂಟದೆ ಇರದು.

ಈ ಬಗೆಯ ಮೇಷ್ಟ್ರಿಕೆಗೆ ಕೊಡಗಿನಲ್ಲಿ ದೊಡ್ಡ ಹಿರಿಯರೊಬ್ಬರಿದ್ದಾರೆ. ಪಂಜೆ ಮಂಗೇಶರಾಯರು (1874–1937) ಹುಟ್ಟಿದ್ದು ಬಂಟ್ವಾಳದಲ್ಲಿ. ಶಾಲಾ ಇನ್‌ಸ್ಪೆಕ್ಟರ್ ಆಗಿ ಊರೂರು ಸುತ್ತಿದರು, ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ‘ಹುತ್ತರಿ ಹಾಡು’ ಅವರ ಆ ಕೊಡಗಿನ ದಿನಗಳ ಫಲ. ಸುಗ್ಗಿಯ ಹಬ್ಬಕ್ಕೆ ಹೊರಗಿನಿಂದ ಬಂದ ಮೇಷ್ಟ್ರೊಬ್ಬರು ಹಾಡು ಕಟ್ಟಿಕೊಟ್ಟರು, ಕೊಡಗು ಅದನ್ನು ತನ್ನದೆಂದು ಹಾಡಿಕೊಂಡಿತು. ಅವರ ‘ನಾಗರ ಹಾವೆ’ ಪದ್ಯವನ್ನೇ ನೋಡಿ. ಮಗು ಹಾವನ್ನು ಕರೆಯುತ್ತದೆ, ತಲೆಯ ರತ್ನ ಕೊಡು ಎನ್ನುತ್ತದೆ, ಕೊನೆಗೆ ಮರ್ಯಾದೆಯಿಂದ ಕಳುಹಿಸಿಕೊಡುತ್ತದೆ. ಪ್ರತಿ ಸಲವೂ ಒಂದೇ ಅಕ್ಷರವನ್ನು ಇಡೀ ತರಗತಿ ಮತ್ತೆ ಮತ್ತೆ ಕೂಗಬಹುದು. ಮಕ್ಕಳ ಬಾಯಿಗೆ ಏನು ಬೇಕೆಂದು ಬಲ್ಲವರು ಮಾತ್ರ ಹಾಗೆ ಬರೆಯಬಲ್ಲರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಈ ಮೇಷ್ಟ್ರು ತಮಗೆ ಇಟ್ಟುಕೊಂಡ ಕಾವ್ಯನಾಮ ‘ಕವಿಶಿಷ್ಯ’. ಜೀವಮಾನವೆಲ್ಲ ಕಲಿಸಿದವರು ಹೆಸರಿನಲ್ಲಿ ವಿದ್ಯಾರ್ಥಿಯಾಗಿಯೇ ಉಳಿದದ್ದು ನನಗೆ ತುಂಬ ಪ್ರಿಯವಾದ ಸಂಗತಿ.

ಕೆಲಸ ಬಿಟ್ಟರೂ ಈ ಪದ ಬಿಡುವುದಿಲ್ಲ. ಲಂಕೇಶರು ಇಂಗ್ಲಿಷ್ ಅಧ್ಯಾಪನ ತೊರೆದು 1980ರಲ್ಲಿ ಪತ್ರಿಕೆ ಶುರುಮಾಡಿದ ಮೇಲೂ ಬಳಗಕ್ಕೆಲ್ಲ ‘ಮೇಷ್ಟ್ರು’ ಆಗಿಯೇ ಇದ್ದರು. ಹಾರ್ಮೋನಿಯಂ ಮೇಷ್ಟ್ರು, ಡ್ರಿಲ್ ಮೇಷ್ಟ್ರು, ನಾಟಕದ ಮೇಷ್ಟ್ರು ಇವರಿಗೂ ಅದೇ ‘ರು’ ನಿಂತಿದೆ. ‘ನನಗೆ ಮೇಷ್ಟ್ರಾಗಬೇಡ’ ಎಂಬ ಗದರಿಕೆಯೊಂದು ಇದೆ, ನಿಜ. ಉಪದೇಶ ಮಾಡಿ ಬೇಸರ ತಂದವರ ಪಾಲಿಗೆ ಅದು ಸಲ್ಲಬೇಕಾದದ್ದೇ.

ನನಗಿರುವ ಕೊರಗು ಬೇರೆ. ಇಂದು ನಮ್ಮ ಕಿರಿಯ ತರಗತಿಗಳಲ್ಲಿ ಮಕ್ಕಳ ಕೈ ಹಿಡಿದು ಅಕ್ಷರ ತೀಡಿಸುವವರಲ್ಲಿ ಎಷ್ಟೊಂದು ಜನ ಹೆಂಗಸರು! ಈ ಕಡೆ ಅವರು ‘ಟೀಚರ್’, ‘ಮಿಸ್’, ‘ಮೇಡಂ’. ‘ಮೇಷ್ಟ್ರಮ್ಮ’ ಎಂದರೆ ಮೇಷ್ಟ್ರ ಹೆಂಡತಿ ಎಂದಾಗಿಬಿಡುತ್ತದೆ. ಉತ್ತರ ಕರ್ನಾಟಕದ ಮಕ್ಕಳಿಗೆ ‘ಅಕ್ಕೋರು’ ಎಂಬ ಚೆಂದದ ಮಾತಿದೆ. ಅಕ್ಕನ ಸಲುಗೆಯೂ ಇದೆ, ಅದೇ ‘ರು’ವಿನ ಗೌರವವೂ ಇದೆ. ಅಲ್ಲಿಂದ ಮಾಸ್ತರರು ವರ್ಗವಾಗಿ ಬರುವ ಹಾಗೆ ಈ ಮಾತೂ ಕುಶಾಲನಗರಕ್ಕೆ ಬರಲಿ. ನಾನಂತೂ ನನ್ನ ಒಂದನೇ ಕ್ಲಾಸಿನ ಟೀಚರನ್ನು ಇನ್ನು ಮೇಲೆ ಅಕ್ಕೋರು ಎಂದೇ ನೆನೆಯುವವನು.