ವಿವಾಹದ ಪ್ರಶ್ನೆ ಮತ್ತು ಕೊಡಗಿನ ಇಬ್ಬರು ಸ್ತ್ರೀಯರು

ಕನ್ನಡ ನಾಡಿನ ಸಮಾಜಸುಧಾರಣೆಯ ಚರಿತ್ರೆಯನ್ನು ಬರೆಯುವವರು ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳನ್ನು ಕುರಿತು ವಿಸ್ತಾರವಾಗಿ ಹೇಳಿ, ಕೊಡಗಿನ ಹೆಸರೆತ್ತದೆಯೇ ಮುಂದೆ ಸಾಗುವುದುಂಟು. ಸುಧಾರಣೆಯೆಂದರೆ ಸಂಘ, ಸಭೆ, ನಿರ್ಣಯ, ವಿಧವಾಶ್ರಮ ಎಂಬ ಭಾವನೆಯು ನಮ್ಮಲ್ಲಿ ಬೇರೂರಿದೆ. ಆ ಗುರುತುಗಳಿಂದಲೇ ಅಳೆದರೆ ಮಡಿಕೇರಿ, ವಿರಾಜಪೇಟೆಗಳಂತಹ ಸಣ್ಣ ಪಟ್ಟಣಗಳ ಪಾಲು ಅಲ್ಪವೆಂದು ತೋರುವುದು ಸಹಜ. ಆದರೆ ವಿವಾಹವು ಸ್ತ್ರೀಯ ಬಾಳಿಗೆ ಯಾವ ಕಟ್ಟಳೆಗಳನ್ನು ವಿಧಿಸಬಹುದು ಎಂಬ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಎತ್ತಿದವರಲ್ಲಿ ಆ ಪಟ್ಟಣಗಳಲ್ಲಿ ಹುಟ್ಟಿದ ಇಬ್ಬರು ಸ್ತ್ರೀಯರಿಗೆ ಮುಖ್ಯವಾದ ಸ್ಥಾನವಿದೆಯೆಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಲು ಯತ್ನಿಸಿದೆ.

ಮೊದಲು ಕೊಡಗಿನ ಪರಿಸ್ಥಿತಿಯನ್ನು ಕುರಿತು ಎರಡು ಮಾತು. ಬಯಲುಸೀಮೆಯ ಸುಧಾರಕರು ಹೋರಾಡಿದ ಎರಡು ಮುಖ್ಯ ವಿಷಯಗಳು ಬಾಲ್ಯವಿವಾಹ ಮತ್ತು ವಿಧವಾವಿವಾಹ. ಕೊಡವರಲ್ಲಿಯಾದರೋ ಕನ್ಯೆಯರು ಪ್ರಾಯಕ್ಕೆ ಬಂದ ಮೇಲೆಯೇ ಮದುವೆಯಾಗುತ್ತಿದ್ದರು. ವಿಧವೆಯು ಮರಳಿ ಮದುವೆಯಾಗುವುದಕ್ಕೆ ಅವರ ಪದ್ಧತಿಯಲ್ಲಿ ಅವಕಾಶವಿತ್ತು. ಇದರಿಂದ ಕೊಡವ ಸ್ತ್ರೀಯು ಸರ್ವಸ್ವತಂತ್ರಳಾಗಿದ್ದಳೆಂದು ಭಾವಿಸಲಾಗದು. ಭೂಮಿಯು ಒಕ್ಕಕ್ಕೆ ಸೇರಿದ್ದು. ಒಕ್ಕವು ಗಂಡುಸಂತಾನದ ಮೂಲಕ ಬೆಳೆಯತಕ್ಕದ್ದು. ಮದುವೆಯಾದವಳು ತವರಿನ ಒಕ್ಕವನ್ನು ಬಿಟ್ಟು ಗಂಡನ ಒಕ್ಕವನ್ನು ಸೇರುತ್ತಿದ್ದಳು. ಆದರೂ ಹೊರಗಿನಿಂದ ಬಂದ ಸುಧಾರಣೆಯ ಕಾರ್ಯಕ್ರಮವು ಕೊಡವರಿಗೆ ಹೊಸದೆನಿಸಲಿಲ್ಲ. ಅದು ನಾಟಬೇಕಾಗಿದ್ದುದು ಅದೇ ಪೇಟೆಯ ವಕೀಲರ, ಅಧಿಕಾರಿಗಳ, ವರ್ತಕರ ಬ್ರಾಹ್ಮಣಾದಿ ಕುಟುಂಬಗಳಲ್ಲಿ. ಒಂದೇ ಬೀದಿಯಲ್ಲಿ ಎರಡು ಬಗೆಯ ವಿಧವೆಯರಿದ್ದರೆಂದರೆ ತಪ್ಪಾಗಲಾರದು. ಮೈಸೂರು ಸಂಸ್ಥಾನವು ೧೮೯೪ರಲ್ಲಿ ಬಾಲ್ಯವಿವಾಹ ನಿರೋಧದ ಕಾಯಿದೆಯನ್ನೂ, ೧೯೩೩ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನೂ ಮಾಡಿತು. ಕೊಡಗು ಬ್ರಿಟಿಷರ ಆಳ್ವಿಕೆಗೆ ಒಳಪಟ್ಟಿದ್ದುದರಿಂದ ಗಡಿಯಾಚೆಯ ಈ ಶಾಸನಗಳು ಅಲ್ಲಿಗೆ ಅನ್ವಯಿಸಲಿಲ್ಲ.

ಈ ಹಿನ್ನೆಲೆಯಲ್ಲಿ ಕೊಡಗಿನ ಗೌರಮ್ಮನವರ ಬಾಳನ್ನು ನೋಡಬೇಕು. ೧೯೧೨ರಲ್ಲಿ ಮಡಿಕೇರಿಯ ವಕೀಲರೊಬ್ಬರ ಮಗಳಾಗಿ ಹುಟ್ಟಿದ ಇವರು, ಸುಂಟಿಕೊಪ್ಪದ ಬಳಿಯ ಗುಂಡುಗುತ್ತಿ ಕಾಫಿ ತೋಟದಲ್ಲಿ ವ್ಯವಸ್ಥಾಪಕರಾಗಿದ್ದ ಬಿ. ಟಿ. ಗೋಪಾಲಕೃಷ್ಣ ಅವರ ಕೈಹಿಡಿದರು. ಹರಿಜನ ಪ್ರವಾಸದಲ್ಲಿದ್ದ ಗಾಂಧೀಜಿಯವರು ೧೯೩೪ರ ಫೆಬ್ರವರಿಯಲ್ಲಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಲೇಬೇಕೆಂದು ಗೌರಮ್ಮನವರು ಉಪವಾಸ ಹೂಡಿದರು. ಗಾಂಧೀಜಿ ಬಂದರು. ಮಂಗಳಸೂತ್ರ, ಮೂಗುತಿ, ಓಲೆಗಳನ್ನುಳಿದು ತಮ್ಮ ಒಡವೆಗಳನ್ನೆಲ್ಲ ಗೌರಮ್ಮನವರು ಹರಿಜನ ನಿಧಿಗೆ ಒಪ್ಪಿಸಿದರು. ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಇವರ ವಿಷಯವನ್ನು ಬರೆದರು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಮಲಬಾರಿನ ವಡಕರದಲ್ಲಿ ಕೌಮುದಿ ಎಂಬ ಹದಿಹರೆಯದ ಕನ್ಯೆಯು ಇಂಥದೇ ತ್ಯಾಗ ಮಾಡಿದ್ದಳು.

ಈ ಪ್ರಸಂಗವನ್ನು ಭಕ್ತಿಯ ನಿದರ್ಶನವೆಂದು ಹೇಳಿ ಮುಗಿಸುವುದು ವಾಡಿಕೆಯಾಗಿದೆ. ಅಷ್ಟರಿಂದ ಚರಿತ್ರಕಾರನಿಗೆ ತೃಪ್ತಿಯಾಗಕೂಡದು. ಅಂದಿನ ಹಿಂದೂ ಗೃಹಿಣಿಗೆ ತನ್ನದೆಂದು ಹೇಳಿಕೊಳ್ಳಲು ಇದ್ದ ಸ್ವತ್ತು ಬಹುಮಟ್ಟಿಗೆ ಒಡವೆಯೊಂದೇ. ಅದನ್ನು ಸಾರ್ವಜನಿಕ ಕಾರ್ಯವೊಂದಕ್ಕೆ ತಾನೇ ನಿರ್ಧರಿಸಿ ಕೊಡುವುದು ದಾನವಾಗಿದ್ದಂತೆ ಅಧಿಕಾರದ ಚಲಾವಣೆಯೂ ಆಗಿದ್ದಿತು. ಸತ್ಯಾಗ್ರಹಿಯ ಆಯುಧವಾದ ಉಪವಾಸವನ್ನು ಗಾಂಧೀಜಿಯವರ ಮೇಲೆಯೇ ಪ್ರಯೋಗಿಸಿದ ಎಳೆಯ ಗೃಹಿಣಿಯ ಧೈರ್ಯವೂ ಸಾಮಾನ್ಯವಾದುದಲ್ಲ.

ಆ ಧೈರ್ಯವೇ ಅವರ ಕತೆಗಳಲ್ಲಿಯೂ ಕಾಣುತ್ತದೆ. ‘ವಾಣಿಯ ಸಮಸ್ಯೆ’ಯಲ್ಲಿ ಎಳೆಯ ವಿಧವೆಯ ಒಂಟಿ ಬಾಳು, ‘ಅಪರಾಧಿ ಯಾರು?’ ಎಂಬುದರಲ್ಲಿ ಮನೆಯಿಂದ ಹೊರದೂಡಲ್ಪಟ್ಟವಳ ಗತಿ. ಆ ಶೀರ್ಷಿಕೆಯ ಪ್ರಶ್ನೆಯು ನೆಟ್ಟಗೆ ಸಮಾಜವನ್ನೇ ಕುರಿತದ್ದು. ಸುಧಾರಕರ ಭಾಷಣಗಳಲ್ಲಿ ವಿಧವೆಯು ಕರುಣೆಗೆ ಪಾತ್ರಳಾದ ಒಂದು ವಸ್ತು; ಇಲ್ಲಿ ಆಕೆಗೆ ಆಸೆ, ಅಸೂಯೆ, ಅಭಿಮಾನಗಳಿವೆ. ವಿಚಿತ್ರವೆಂದರೆ, ವಿವಾಹದ ಕಟ್ಟುಗಳನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸಿದ ಲೇಖಕಿಯು ಬರೆಯುತ್ತಿದ್ದುದು ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂದು ಗಂಡನ ಹೆಸರಿನಲ್ಲಿ! ೧೯೩೯ರ ಏಪ್ರಿಲ್ ೧೩ರಂದು ಈಜಲು ನೀರಿಗಿಳಿದಾಗ ಮುಳುಗಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ‘ಕಂಬನಿ’, ‘ಚಿಗುರು’ ಎಂಬ ಸಂಕಲನಗಳು ಬೆಳಕು ಕಂಡುದು ಆಮೇಲೆ.

ಇಲ್ಲಿ ಒಂದು ಕೊರತೆಯನ್ನು ಹೇಳದೆ ಬಿಡುವಂತಿಲ್ಲ. ಗೌರಮ್ಮನವರು ಬಾಳಿದ್ದು ಕಾಫಿ ತೋಟದಲ್ಲಿ. ಕೊಡಗಿನ ತೋಟಗಳಲ್ಲಿ ಹಣ್ಣು ಕೊಯ್ಯುತ್ತಿದ್ದ, ಕಳೆ ಕೀಳುತ್ತಿದ್ದ ಕೂಲಿ ಹೆಂಗಸರು ನಮ್ಮ ಸುಧಾರಣೆಯ ಚರಿತ್ರೆಯಲ್ಲಿ ಎಲ್ಲಿಯೂ ಮಾತನಾಡುವುದಿಲ್ಲ. ಅವರ ಪಾಲಿನ ಬದಲಾವಣೆಯು ೧೯೫೧ರ ತೋಟ ಕಾರ್ಮಿಕರ ಕಾಯಿದೆಯಿಂದ, ಐವತ್ತು ಮಂದಿ ಹೆಣ್ಣಾಳುಗಳಿದ್ದೆಡೆ ಶಿಶುಗೃಹವಿರಬೇಕೆಂಬಂತಹ ವಿಧಿಗಳ ರೂಪದಲ್ಲಿ ಬಂದಿತು. ಆ ವಿಷಯವು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದುದು.

ಗೌರಮ್ಮನವರು ವಿಧವೆಯರ ಕತೆಗಳನ್ನು ಬರೆಯುತ್ತಿದ್ದ ಕಾಲದಲ್ಲಿಯೇ ಒಬ್ಬ ಕೊಡವ ವಿಧವೆಯು ತನ್ನ ನಾಲ್ವರು ಮಕ್ಕಳನ್ನು ಓದಿಸುತ್ತಿದ್ದರು. ಅವರಲ್ಲೊಬ್ಬರು, ೧೯೨೪ರಲ್ಲಿ ವಿರಾಜಪೇಟೆಯಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿನಲ್ಲಿ ಅರಣ್ಯಾಧಿಕಾರಿಗಳಾಗಿದ್ದ ತಂದೆಯನ್ನು ಕಳೆದುಕೊಂಡ ಸಿ. ಬಿ. ಮುತ್ತಮ್ಮ. ಮಡಿಕೇರಿಯ ಸಂತ ಜೋಸೆಫರ ಕನ್ಯಾಶಾಲೆಯಲ್ಲಿಯೂ, ತರುವಾಯ ಮದರಾಸಿನಲ್ಲಿಯೂ ಓದಿ, ೧೯೪೯ರಲ್ಲಿ ಭಾರತದ ವಿದೇಶಾಂಗ ಸೇವೆಯನ್ನು ಸೇರಿದ ಮೊದಲ ಮಹಿಳೆಯಾದರು. ಈ ಸೇವೆಯು ಹೆಂಗಸರಿಗೆ ತಕ್ಕುದಲ್ಲವೆಂದು ಆಯ್ಕೆಯ ಕಾಲದಲ್ಲಿಯೇ ಅವರ ಮನವೊಲಿಸಲು ಯತ್ನ ನಡೆಯಿತು. ಮದುವೆಯಾದರೆ ರಾಜೀನಾಮೆ ಕೊಡುವೆನೆಂಬ ಮುಚ್ಚಳಿಕೆಯನ್ನೂ ಬರೆದುಕೊಡಬೇಕಾಯಿತು. ೧೯೬೧ರ ನಿಯಮಗಳು ಇದನ್ನೇ ಶಾಸನಬದ್ಧಗೊಳಿಸಿದವು. ಮಹಿಳಾ ಅಧಿಕಾರಿಯು ಮದುವೆಗೆ ಮುನ್ನ ಸರಕಾರದ ಲಿಖಿತ ಅನುಮತಿ ಪಡೆಯತಕ್ಕದ್ದು. ಸಂಸಾರದ ಹೊಣೆಯಿಂದ ಕರ್ತವ್ಯಕ್ಕೆ ಅಡ್ಡಿಯೆಂದು ಸರಕಾರಕ್ಕೆ ತೋರಿದರೆ ಹುದ್ದೆಯನ್ನು ಬಿಡತಕ್ಕದ್ದು. ವಿವಾಹಿತೆಗೆ ನೇಮಕದ ಹಕ್ಕೇ ಇಲ್ಲ. ಬಾಲವಿಧವೆಗೆ ಸಂಪ್ರದಾಯವು ಹೇಳುತ್ತಿದ್ದುದನ್ನು ಸ್ವತಂತ್ರ ಭಾರತದ ಕಚೇರಿಯು ಬೇರೆ ಮಾತುಗಳಲ್ಲಿ ಹೇಳಿದಂತಾಯಿತು.

೧೯೭೦ರಲ್ಲಿ ಹಂಗೇರಿಗೆ ರಾಯಭಾರಿಯಾಗಿ ನೇಮಕಗೊಂಡ ಮೇಲೂ ಮೇಲಿನ ಶ್ರೇಣಿಯ ಬಡ್ತಿಯು ತಪ್ಪಿದಾಗ ಮುತ್ತಮ್ಮನವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ೧೯೭೯ರ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ವಿದ್ಯಾರ್ಥಿಗಳು ಈ ತೀರ್ಪನ್ನು ‘ಮುತ್ತಮ್ಮನವರ ಗೆಲುವು’ ಎಂದು ಕಂಠಪಾಠ ಮಾಡುವುದುಂಟಾದರೂ ಅರ್ಜಿಯು ಔಪಚಾರಿಕವಾಗಿ ವಜಾ ಆಯಿತೆಂಬುದನ್ನು ಗಮನಿಸಬೇಕು. ವಿಚಾರಣೆಯ ನಡುವೆಯೇ ಸರಕಾರವು ಬಡ್ತಿ ಕೊಟ್ಟು, ಜ್ಯೇಷ್ಠತೆಯನ್ನು ಮರುಪರಿಶೀಲಿಸಲು ಒಪ್ಪಿತ್ತು. ವಿವಾಹಿತೆಯರ ನೇಮಕವನ್ನು ಕುರಿತ ನಿಯಮವು ೧೯೭೩ರಲ್ಲಿಯೇ ರದ್ದಾಗಿತ್ತು. ಅನುಮತಿಯ ನಿಯಮವನ್ನೂ ತೆಗೆಯಲಾಗುತ್ತಿದೆಯೆಂದು ಸರಕಾರವು ತಿಳಿಸಿತು. ಆದರೂ ನ್ಯಾಯಮೂರ್ತಿಗಳು ಸುಮ್ಮನಾಗಲಿಲ್ಲ. ಸಂಸಾರದ ಹೊಣೆಯು ಹೆಂಗಸಿನ ಕರ್ತವ್ಯಕ್ಕೆ ಅಡ್ಡಿಯಾಗುವುದಾದರೆ ಗಂಡಸಿಗೂ ಆಗಬಹುದಲ್ಲವೇ ಎಂಬ ಸರಳವಾದ ತರ್ಕದಿಂದ ಆ ನಿಯಮಗಳನ್ನು ಬಯಲಿಗೆಳೆದು, ಸಂವಿಧಾನದ ೧೪ ಮತ್ತು ೧೬ನೆಯ ವಿಧಿಗಳ ಮುಂದೆ ನಿಲ್ಲಿಸಿದರು. ಸೇವಾನಿಯಮಗಳಲ್ಲಿ ಉಳಿದಿರಬಹುದಾದ ಲಿಂಗಭೇದವನ್ನೆಲ್ಲ, ಒಬ್ಬೊಬ್ಬರೂ ಬಂದು ಅರ್ಜಿ ಹಾಕುವವರೆಗೆ ಕಾಯದೆ, ಸರಕಾರವೇ ಹುಡುಕಿ ತೆಗೆಯಬೇಕೆಂದು ಸೂಚಿಸಿದರು. ಮುತ್ತಮ್ಮನವರು ಮೂರು ವರ್ಷಗಳ ತರುವಾಯ, ೧೯೮೨ರಲ್ಲಿ, ನಿವೃತ್ತರಾದರು.