ಆರ್ಗೋನಿಯ ಪಟ್ಟಣದ ಚುನಾವಣೆ

ಚುನಾವಣೆಯ ದಿನ ಮತದಾರನ ಮುಂದೆ ಎರಡು ಬಗೆಯ ಪ್ರಶ್ನೆಗಳು ಬರುವುದುಂಟು. ಅಧಿಕಾರ ಯಾರ ಕೈ ಸೇರಬೇಕೆಂಬುದು ಒಂದು. ಇಂಥ ಶಾಸನ ಬೇಕೇ ಬೇಡವೇ ಎಂಬುದು ಇನ್ನೊಂದು. ನಮ್ಮಲ್ಲಿ ಮೊದಲನೆಯದೇ ರೂಢಿ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಎರಡೂ ಉಂಟು. ಇವುಗಳ ಪರಸ್ಪರ ಸಂಬಂಧವೇನೆಂಬುದನ್ನು ಅಲ್ಲಿನ ಕ್ಯಾನ್ಸಾಸ್ ಸಂಸ್ಥಾನದ ಒಂದು ಪುಟ್ಟ ಪಟ್ಟಣದ ವೃತ್ತಾಂತದಿಂದ ಚೆನ್ನಾಗಿ ತಿಳಿಯಬಹುದು.

ಸ್ತ್ರೀಯರಿಗೆ ವೋಟಿನ ಹಕ್ಕನ್ನು ಕೊಡಬಹುದೇ ಎಂಬ ಪ್ರಶ್ನೆಯನ್ನು ಕ್ಯಾನ್ಸಾಸಿನ ಮತದಾರರ ಮುಂದೆ 1867ರಲ್ಲಿಯೇ ಇಡಲಾಯಿತು. ಮತದಾರರೆಲ್ಲರೂ ಗಂಡಸರು. ಒಪ್ಪಿದವರು ಸುಮಾರು 9,000 ಮಂದಿ. ಒಲ್ಲೆನೆಂದವರು ಸುಮಾರು 20,000. ಮುಂದೆ 1880ರಲ್ಲಿ ಪಾನನಿರೋಧವನ್ನು ರಾಜ್ಯಾಂಗಕ್ಕೆ ಸೇರಿಸಬೇಕೆಂಬ ಪ್ರಶ್ನೆ ಬಂದಾಗ ಮತದಾರರು ಅದನ್ನು ಅಂಗೀಕರಿಸಿದರು. 1887ರಲ್ಲಿ ಶಾಸನಸಭೆಯು ಪುರಸಭೆಗಳ ಮಟ್ಟಿಗೆ ಮಾತ್ರ ಸ್ತ್ರೀಯರಿಗೆ ಮತಾಧಿಕಾರವನ್ನು ಕೊಟ್ಟಿತು.

ಆ ವರ್ಷ ಏಪ್ರಿಲ್ 4ರಂದು ಆರ್ಗೋನಿಯದಲ್ಲಿ ಪುರಸಭೆಯ ಚುನಾವಣೆ. ಊರಿನ ಜನಸಂಖ್ಯೆ ಐನೂರನ್ನೂ ಮುಟ್ಟಿರಲಿಲ್ಲ. ಅಲ್ಲಿಯ ಕ್ರೈಸ್ತ ಮಹಿಳೆಯರ ಪಾನನಿರೋಧ ಸಂಘದವರು ಸಭೆ ಸೇರಿ, ತಮಗೆ ಯೋಗ್ಯರೆಂದು ತೋರಿದ ಉಮೇದುವಾರರ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಹೆಂಗಸರು ರಾಜಕಾರ್ಯಕ್ಕೆ ಕೈ ಹಾಕಿದ್ದು ಕೆಲವು ಗಂಡಸರಿಗೆ ಸರಿಬೀಳಲಿಲ್ಲ. ಅವರು ಆ ಪಟ್ಟಿಯನ್ನೇ ನಕಲು ಮಾಡಿ, ಮೇಯರ್ ಪದವಿಯ ಎದುರಿಗೆ ಮಾತ್ರ ಸಂಘದ ಸದಸ್ಯೆಯೊಬ್ಬಳ ಹೆಸರನ್ನು ಸೇರಿಸಿ ಚೀಟಿಗಳನ್ನು ಹಂಚಿದರು. ಆಕೆ ಸುಸಾನಾ ಸಾಲ್ಟರ್. 27 ವರ್ಷ ವಯಸ್ಸಿನ, ಮಕ್ಕಳೊಂದಿಗಳಾದ ಗೃಹಿಣಿ.

ಇಂಥ ಕುಚೇಷ್ಟೆ ಆಗ ಸಾಧ್ಯವಾಗಿತ್ತು. ಸರ್ಕಾರವೇ ಅಚ್ಚುಹಾಕಿಸಿ ಕೊಡುವ ಮತಪತ್ರ ಆಗ ಅಲ್ಲಿ ಇರಲಿಲ್ಲ. ಪಕ್ಷದವರೇ ಹೆಸರುಗಳ ಚೀಟಿಗಳನ್ನು ತಂದು ಹಂಚುತ್ತಿದ್ದರು. ಉಮೇದುವಾರನ ಒಪ್ಪಿಗೆಯನ್ನು ಮೊದಲೇ ಪಡೆಯಬೇಕೆಂಬ ಕಟ್ಟುಪಾಡೂ ಇರಲಿಲ್ಲ. ಆಕೆಗೆ ಇಪ್ಪತ್ತು ವೋಟುಗಳಷ್ಟೇ ಬಿದ್ದು ಸಂಘವು ನಗೆಪಾಟಲಾದೀತೆಂಬುದು ಆ ಗಂಡಸರ ಎಣಿಕೆ.

ಬೆಳಿಗ್ಗೆ ಕೆಲವರು ಆಕೆಯ ಮನೆಗೆ ಹೋದಾಗ ಆಕೆ ಬಟ್ಟೆ ಒಗೆಯುತ್ತಿದ್ದಳು. ತನ್ನ ಹೆಸರು ಚೀಟಿಯಲ್ಲಿರುವ ಸಂಗತಿ ಆಕೆಗೆ ತಿಳಿದದ್ದು ಆಗಲೇ. ಆರಿಸಿಬಂದರೆ ಅಧಿಕಾರ ವಹಿಸುವಿರಾ ಎಂದು ಅವರು ಕೇಳಲು, ಆಕೆ ವಹಿಸುವೆನೆಂದಳು. ಸಂಘದ ಸ್ತ್ರೀಯರು ತಾವು ಮೊದಲು ಸೂಚಿಸಿದ್ದವನನ್ನು ಅಂದೇ ಕೈಬಿಟ್ಟು ಆಕೆಗೇ ವೋಟು ಕೊಟ್ಟರು. ಸಂಜೆಗೆ ಎಣಿಸಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಮತಗಳು ಆಕೆಯವಾಗಿದ್ದವು! ಹೀಗೆ, ಸಂಯುಕ್ತ ಸಂಸ್ಥಾನಗಳಲ್ಲಿ ಮೇಯರ್ ಪದವಿಗೆ ಚುನಾಯಿತರಾದ ಸ್ತ್ರೀಯರಲ್ಲಿ ಮೊದಲಿಗಳೆಂಬ ಕೀರ್ತಿ ಪರಿಹಾಸದ ದಾರಿಯಿಂದ ಆಕೆಗೆ ಬಂದೊದಗಿತು.

ಆಕೆಯ ಆಡಳಿತದಲ್ಲಿ ಅದ್ಭುತವೇನೂ ನಡೆಯಲಿಲ್ಲ. ಒಂದು ವರ್ಷದ ಸೇವೆಗೆ ಒಂದು ಡಾಲರ್ ಸಂಬಳ. ಅವಧಿ ಮುಗಿದ ಮೇಲೆ ಆಕೆ ಮತ್ತೆ ನಿಲ್ಲಲಿಲ್ಲ. 1961ರಲ್ಲಿ ತೀರಿಕೊಂಡಾಗ ಆಕೆಗೆ 101 ವರ್ಷ. ಅದ್ಭುತವೇನೂ ನಡೆಯದಿದ್ದುದೇ ಇಲ್ಲಿ ಗಮನಾರ್ಹವೆಂದು ನನಗೆ ತೋರುತ್ತದೆ. ಹೆಂಗಸು ಅಧ್ಯಕ್ಷತೆ ವಹಿಸಿದರೆ ಊರು ಕೆಟ್ಟೀತೆಂದು ಅಂಜಿದವರಿಗೆ, ಕೆಡದ ಊರೇ ಉತ್ತರವಾಯಿತು. ಮರುವರ್ಷ ಅದೇ ಕ್ಯಾನ್ಸಾಸಿನ ಆಸ್ಕಲೂಸ ಎಂಬ ಪಟ್ಟಣದಲ್ಲಿ ಮೇಯರ್ ಸ್ಥಾನಕ್ಕೂ ಸದಸ್ಯರ ಸ್ಥಾನಗಳಿಗೂ ಸ್ತ್ರೀಯರೇ ಚುನಾಯಿತರಾದರು.

ಆದರೂ ಗೆಲವು ಪೂರ್ಣವಾಗಿರಲಿಲ್ಲ. ಪೂರ್ಣ ಮತಾಧಿಕಾರದ ಪ್ರಶ್ನೆ 1894ರಲ್ಲಿ ಮತ್ತೆ ಮತದಾರರ ಮುಂದೆ ಬಂದು ಮತ್ತೆ ಸೋತಿತು. 1912ರ ನವೆಂಬರಿನಲ್ಲಷ್ಟೇ ಗೆದ್ದಿತು. ಇದು ಆರ್ಗೋನಿಯದ ಫಲವೇ ಎಂದರೆ ಅತಿಯಾದೀತು. ಆದರೆ ಇಷ್ಟನ್ನು ಹೇಳಬಹುದು: ಪ್ರಶ್ನೆಯನ್ನು ಬರಿಯ ಪ್ರಶ್ನೆಯಾಗಿ ಕೇಳಿದಾಗ ಜನರು ತಮ್ಮ ಭಯಕ್ಕೆ ವೋಟು ಕೊಡುವುದುಂಟು, ನೆರೆಮನೆಯ ಗೃಹಿಣಿಯೇ ಉಮೇದುವಾರಳಾಗಿ ಎದುರು ನಿಂತಾಗ ತಮ್ಮ ಅನುಭವಕ್ಕೆ ಕೊಡುತ್ತಾರೆ. ವ್ಯಕ್ತಿಯ ಅಧಿಕಾರ ವರ್ಷಕ್ಕೆ ಮುಗಿಯುವುದು. ಶಾಸನ ತಲೆಮಾರುಗಳಿಗೆ ಉಳಿಯುವುದು. ಒಂದನ್ನು ಕಂಡ ಕಣ್ಣು ಇನ್ನೊಂದನ್ನು ಒಪ್ಪಲು ಇಪ್ಪತ್ತೈದು ವರ್ಷಗಳು ಬೇಕಾದವು.