ಮನೆಯನ್ನು ನೆಚ್ಚದ ತರಗತಿ: ಕೌಟುಂಬಿಕ ಅನನುಕೂಲ ಮತ್ತು ನಲಿ-ಕಲಿಯ ಅನುಭವ

ಮಕ್ಕಳ ಕಲಿಕೆಯಲ್ಲಿ ಶಾಲೆಯ ಸೌಕರ್ಯಕ್ಕಿಂತ ಮನೆಯ ಹಿನ್ನೆಲೆಯೇ ಮೇಲುಗೈ ಎಂಬ ಮಾತಿಗೆ ಅಂಕಿಅಂಶಗಳ ಬಲ ತಂದದ್ದು ಅಮೆರಿಕದ ಕೋಲ್‌ಮನ್ ವರದಿ (1966). ಬಡ ದೇಶಗಳಲ್ಲಿ ಹಾಗಲ್ಲ, ಅಲ್ಲಿ ಶಾಲೆ ಮತ್ತು ಶಿಕ್ಷಕರ ತೂಕವೇ ಹೆಚ್ಚು ಎಂದು 1983ರಲ್ಲಿ ಹೈನ್‌ಮನ್ ಮತ್ತು ಲಾಕ್ಸ್‌ಲಿ ವಾದಿಸಿದರು. ಆ ವಾದವನ್ನು ಮುಂದಿನವರು ಪ್ರಶ್ನಿಸಿದ್ದೂ ಉಂಟು. ವಿದ್ವಾಂಸರ ಈ ಜಗಳ ತೀರುವ ಮೊದಲೇ ನಮ್ಮ ಶಿಕ್ಷಕರ ಕೊಠಡಿಗಳಲ್ಲಿ ತೀರ್ಪು ಹೊರಬಿದ್ದಾಗಿದೆ: ‘ಮನೇಲಿ ಹೇಳಿಕೊಡೋರಿಲ್ಲ, ಮಗು ಹೇಗೆ ಕಲಿಯುತ್ತೆ?’ ಈ ಪ್ರಶ್ನೆಯೊಳಗೆ ಒಂದು ಒಪ್ಪಿಗೆ ಅಡಗಿದೆ. ಮನೆಯಲ್ಲಿ ಸಂಬಳವಿಲ್ಲದ ಇನ್ನೊಬ್ಬ ಶಿಕ್ಷಕರಿದ್ದಾರೆ ಎಂದು ನಂಬಿಯೇ ಶಾಲೆ ನಡೆಯುತ್ತಿದೆ ಎಂಬುದು ಆ ಒಪ್ಪಿಗೆ. ಬಡತನದ ಪೆಟ್ಟು ಕಲಿಕೆಗೆ ತಗಲುವುದು ಬಹುಪಾಲು ಈ ನಂಬಿಕೆಯ ಮೂಲಕವೇ ಎಂಬುದು ಇಲ್ಲಿನ ವಾದ.

ಕೌಟುಂಬಿಕ ಕೊರತೆಗೆ ಕರ್ನಾಟಕ ಸರ್ಕಾರ ಈವರೆಗೆ ಕೊಟ್ಟ ಉತ್ತರ ಹೆಚ್ಚಾಗಿ ವಸ್ತುರೂಪದ್ದು. ಈಶಾನ್ಯ ಜಿಲ್ಲೆಗಳಲ್ಲಿ 2002ರಲ್ಲಿ ಮೊದಲಾದ ಅಕ್ಷರ ದಾಸೋಹ ಬಿಸಿಯೂಟ ಮರುವರ್ಷ ರಾಜ್ಯವ್ಯಾಪಿಯಾಯಿತು. ಎಂಟನೆಯ ತರಗತಿಗೆ ಸೈಕಲ್ ಬಂತು, 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಮಕ್ಕಳ ತಟ್ಟೆಗೆ ಮೊಟ್ಟೆ ಬಂತು. ಇವನ್ನು ಹಗುರವಾಗಿ ಕಾಣುವಂತಿಲ್ಲ. ಬಿಸಿಯೂಟವನ್ನು ಒಂದು ವರ್ಷಕ್ಕಿಂತ ಕಡಿಮೆ ಅವಧಿ ಪಡೆದ ಮಕ್ಕಳಿಗಿಂತ ಐದು ವರ್ಷದವರೆಗೆ ಪಡೆದವರ ಓದಿನ ಅಂಕ ಶೇ. 18ರಷ್ಟು, ಗಣಿತದ ಅಂಕ ಶೇ. 9ರಷ್ಟು ಹೆಚ್ಚಿತ್ತೆಂದು ಚಕ್ರವರ್ತಿ ಮತ್ತು ಜಯರಾಮನ್ ಅವರ ಅಖಿಲ ಭಾರತ ಅಧ್ಯಯನ (2019) ತೋರಿಸಿದೆ. ಮೊಟ್ಟೆಯ ವಿರುದ್ಧ ಎದ್ದ ಗದ್ದಲದಲ್ಲಿ ಈ ಬಗೆಯ ಪುರಾವೆಗೆ ಸಿಕ್ಕ ಜಾಗ ಅತ್ಯಲ್ಪ.

ಊಟ, ಹಾಲು, ಸಮವಸ್ತ್ರಗಳು ಮಗುವನ್ನು ತರಗತಿಯ ಹೊಸ್ತಿಲು ದಾಟಿಸುತ್ತವೆ. ಒಳಗಿನ ಪಾಠಕ್ರಮ ಮಾತ್ರ ಹಳೆಯ ಲೆಕ್ಕದಲ್ಲೇ ಸಾಗುತ್ತದೆ. ಪಾಠ ಶಾಲೆಯಲ್ಲಿ, ಅಭ್ಯಾಸ ಮನೆಯಲ್ಲಿ. ತಪ್ಪಿಹೋದ ಪಾಠ ತುಂಬಿಸುವುದು ತಾಯಿಯ ಕೆಲಸ, ಇಲ್ಲವೇ ಟ್ಯೂಷನ್ನಿನದು. ಯಾದಗಿರಿ, ರಾಯಚೂರು ಕಡೆಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬದ ಮಗು ತಿಂಗಳುಗಟ್ಟಲೆ ಕಳೆದು ಮರಳಿದಾಗ ಪುಸ್ತಕ ಹತ್ತು ಪಾಠ ಮುಂದೆ ಹೋಗಿರುತ್ತದೆ. ಆ ಮಗುವಿಗೆ ಹಾಜರಿ ಪುಸ್ತಕದಲ್ಲಿ ಜಾಗವಿದೆ, ಪಾಠದಲ್ಲಿ ಇಲ್ಲ.

ಇದಕ್ಕೆ ನಮ್ಮ ನೆಲದಲ್ಲೇ ಹುಟ್ಟಿದ ಒಂದು ಉತ್ತರ ಹೆಗ್ಗಡದೇವನಕೋಟೆಯದು. ಹಾಡಿಗಳ ಮಕ್ಕಳು, ಕೂಲಿಕಾರರ ಮಕ್ಕಳು ಹೆಚ್ಚಿರುವ ಈ ಕಾಡಂಚಿನ ತಾಲ್ಲೂಕಿನ ಶಿಕ್ಷಕರು ಮದನಪಲ್ಲಿ ಬಳಿಯ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ 1995ರಲ್ಲಿ ನಲಿ-ಕಲಿಯನ್ನು ರೂಪಿಸಿದರು. ಹಾಡು, ಕುಣಿತ, ಗೋಡೆಯ ಬಣ್ಣಗಳಿಂದಲೇ ಅದು ಹೆಸರಾಯಿತು. ಅದರ ನಿಜವಾದ ಹೊಸತನ ಇದ್ದದ್ದು ಕಲಿಕಾ ಏಣಿಯಲ್ಲಿ. ಪಠ್ಯವನ್ನು ಸಣ್ಣ ಮೆಟ್ಟಿಲುಗಳಾಗಿ, ಮೆಟ್ಟಿಲುಗಳನ್ನು ಮೈಲಿಗಲ್ಲುಗಳಾಗಿ ಜೋಡಿಸಿ, ಪ್ರತಿ ಮೆಟ್ಟಿಲಿಗೂ ಕಾರ್ಡು ಇಟ್ಟರು. ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ, ಕಾರ್ಡು ತೆಗೆದುಕೊಂಡು ಆಯಾ ‘ತಟ್ಟೆ’ಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ಹೊಸ ಕಲಿಕೆಯಿದ್ದರೆ ಶಿಕ್ಷಕರ ಬಳಿ, ಅಭ್ಯಾಸವಿದ್ದರೆ ಗೆಳೆಯರ ಜೊತೆ ಅಥವಾ ಒಂಟಿಯಾಗಿ. ಸುಗ್ಗಿಗೆಂದು ಹೋಗಿ ಮೂರು ವಾರದ ಮೇಲೆ ಬಂದ ಹುಡುಗಿ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತಾಳೆ. ಅವಳು ‘ಹಿಂದೆ ಬಿದ್ದವಳು’ ಎನಿಸಿಕೊಳ್ಳಬೇಕಾಗಿಲ್ಲ. ಓದಿ ಒಪ್ಪಿಸುವುದಕ್ಕೆ ಅಕ್ಷರ ಬಲ್ಲ ಅಮ್ಮನೇ ಬೇಕೆಂದಿಲ್ಲ, ಪಕ್ಕದ ತಟ್ಟೆಯ ಹಿರಿಯ ಹುಡುಗನೂ ಆದೀತು. ಮನೆಗೆ ಒಪ್ಪಿಸಿದ್ದ ಕೆಲಸವನ್ನು ಶಾಲೆ ತನ್ನ ಹೊತ್ತಿನೊಳಕ್ಕೇ ಮರಳಿ ತಂದುಕೊಂಡಿತು ಎನ್ನಬೇಕು.

2009-10ರಿಂದ ನಲಿ-ಕಲಿಯನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ಮೂರು ತರಗತಿಗಳಿಗೆ ವಿಸ್ತರಿಸಲಾಯಿತು. ಶಿಕ್ಷಕರೇ ಕಟ್ಟಿದ್ದು ಸುತ್ತೋಲೆಯಾಗಿ ಇಳಿದಾಗ ಏಣಿ ಅನೇಕ ಕಡೆ ಗೋಡೆಗಷ್ಟೇ ಅಂಟಿಕೊಂಡಿತು. ಅದಕ್ಕಿಂತ ದೊಡ್ಡ ಕೊರತೆ ನಾಲ್ಕನೆಯ ತರಗತಿಯದು. ಮೂರು ವರ್ಷ ತನ್ನ ವೇಗದಲ್ಲಿ ನಡೆದ ಮಗುವನ್ನು ಅಲ್ಲಿ ಒಂದೇ ಪುಸ್ತಕ, ಒಂದೇ ಪುಟ, ಒಂದೇ ದಿನದ ಕ್ರಮ ಎದುರುಗೊಳ್ಳುತ್ತದೆ. ಹೋಂವರ್ಕಿನ ಭಾರ ಏರುವುದೂ ಅಲ್ಲಿಂದಲೇ. ಈ ಹಂತದ ಮಕ್ಕಳಿಗೆಂದೇ ಬೇರೆಡೆ ನಡೆದ ಒಂದು ಪ್ರಯತ್ನವಿದೆ. ಮುಂಬೈ ಮತ್ತು ವಡೋದರಗಳಲ್ಲಿ ಪ್ರಥಮ್ ಸಂಸ್ಥೆಯ ‘ಬಾಲಸಖಿ’ ಎಂಬ ಸಹಾಯಕ ಶಿಕ್ಷಕಿಯರು ಮೂರು-ನಾಲ್ಕನೆಯ ತರಗತಿಯ ಹಿಂದುಳಿದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ, ಶಾಲಾ ಅವಧಿಯಲ್ಲೇ ಪ್ರತ್ಯೇಕವಾಗಿ ಕೂರಿಸಿ ಕಲಿಸಿದ್ದರು. ಬ್ಯಾನರ್ಜಿ, ಡುಫ್ಲೊ ಮತ್ತು ಸಂಗಡಿಗರ ಅಧ್ಯಯನದ (2007) ಪ್ರಕಾರ ಹೆಚ್ಚು ಲಾಭ ಪಡೆದವರು ಕೆಳತುದಿಯ ಮಕ್ಕಳೇ. ಆದರೆ ಕಾರ್ಯಕ್ರಮ ನಿಂತ ಒಂದು ವರ್ಷದೊಳಗೆ ಆ ಗಳಿಕೆಯ ಬಹುಭಾಗ ಕರಗಿತ್ತು. ಮಕ್ಕಳು ಮರಳಿ ಸೇರಿದ್ದು ಹಳೆಯ ತರಗತಿಯನ್ನೇ ಅಲ್ಲವೇ! ಪರಿಹಾರ ಬೋಧನೆ ಪಕ್ಕದ ಕೊಠಡಿಯ ವ್ಯವಸ್ಥೆಯಾಗಿಯೇ ಉಳಿದರೆ ಮುಖ್ಯ ತರಗತಿ ಬದಲಾಗುವುದಿಲ್ಲ.

ಗುಂಪು ಮಾಡುವುದರಲ್ಲೂ ಅಪಾಯವಿದೆ. ಉತ್ತರ ಪ್ರದೇಶದಲ್ಲಿ ಹಾಫ್ ಮತ್ತು ಪಾಂಡೆ ನಡೆಸಿದ ಪ್ರಯೋಗದಲ್ಲಿ, ಎಲ್ಲರೆದುರು ಜಾತಿ ಸಾರಿದ ಮೇಲೆ ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಕುಸಿಯಿತು. ಜಾತಿ ಹೇಳದಿದ್ದಾಗ ಅವರಿಗೂ ಮೇಲ್ಜಾತಿಯವರಿಗೂ ಹೆಚ್ಚಿನ ಅಂತರವಿರಲಿಲ್ಲ. ತರಗತಿಯಲ್ಲಿ ಹೆಸರು ಕೂಗಿ ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವ ನಮ್ಮ ರೂಢಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಏಣಿಯ ಗುಂಪುಗಳು ದಿನದಿನಕ್ಕೂ ಬದಲಾಗುವುದರಿಂದ ಹಣೆಪಟ್ಟಿ ಅಂಟುವುದು ಕಷ್ಟ. ವರ್ಷವಿಡೀ ನಿಂತುಬಿಡುವ ‘ದಡ್ಡರ ಗುಂಪು’ ಅಂಟಿಸದೆ ಬಿಡದು.

ಸಾಲ, ಕೂಲಿ, ಗುಳೆಗಳನ್ನು ಶಾಲೆ ತಪ್ಪಿಸಲಾರದು. ತನ್ನ ವೇಳಾಪಟ್ಟಿ ಮಾತ್ರ ಅದರ ಕೈಯಲ್ಲೇ ಇದೆ. ನಾಲ್ಕು-ಐದನೆಯ ತರಗತಿಗಳಲ್ಲಿ ದಿನದ ಮೊದಲ ಗಂಟೆಯನ್ನು ಮಗುವಿರುವ ಮಟ್ಟದ ಓದು-ಲೆಕ್ಕಕ್ಕೆ ಬಿಟ್ಟುಕೊಟ್ಟು, ಹೋಂವರ್ಕನ್ನು ಕೊನೆಯ ಗಂಟೆಗೆ ಶಾಲೆಯಲ್ಲೇ ಮುಗಿಸಬಹುದು. ಮಕ್ಕಳ ದಾಖಲೆಗಾಗಿ ಇಲಾಖೆ ಈಗಾಗಲೇ ಎಸ್‌ಎಟಿಎಸ್ ಸಂಖ್ಯೆ ಕೊಡುತ್ತಿದೆ. ಆ ಸಂಖ್ಯೆಯ ಜೊತೆ ಮಗು ನಿಂತಿರುವ ಮೆಟ್ಟಿಲೂ ದಾಖಲಾದರೆ, ರಾಯಚೂರಿನಿಂದ ನಡುವರ್ಷ ಬಂದ ಮಗುವನ್ನು ಎಲ್ಲಿಂದ ಶುರುಮಾಡಿಸಬೇಕೆಂದು ಬೆಂಗಳೂರಿನ ಶಿಕ್ಷಕಿ ಮೊದಲ ದಿನವೇ ತಿಳಿಯಬಲ್ಲಳು.